ಹಂದರದ ಋಣ, ಮಂಟಪದ ಸಾಲ

ನೀಲಗುಂದದ ಸೀಮೆಯ ಮದುವೆಗಳೂ ಕಡಲಾಚೆಯ ಕೊರಿಯಾದ ಮದುವೆಗಳೂ

ಸುಗ್ಗಿ ಮುಗಿದು, ಕಣದ ಕಾಳು ಮನೆ ಸೇರಿ, ಯುಗಾದಿಯ ಬೇವುಬೆಲ್ಲ ಹಂಚಿದ ಮೇಲೆ ಹರಪನಹಳ್ಳಿಯ ಸೀಮೆಯ ರೈತನ ಕೈಗೆ ಕೊಂಚ ಬಿಡುವು ದೊರೆಯುತ್ತದೆ. ಮುಂಗಾರಿನ ಮೊದಲ ಹನಿ ಬೀಳುವವರೆಗೆ ಹೊಲ ಬರಿದಾಗಿರುತ್ತದೆ. ಊರು ಮಾತ್ರ ತುಂಬಿರುತ್ತದೆ. ಅದು ಮದುವೆಯ ಕಾಲ. ನೀಲಗುಂದದಂಥ ಹಳ್ಳಿಯ ಓಣಿಯಲ್ಲಿ ನಡೆದು ಬರುವ ಪರಊರಿನವನಿಗೂ ಇಂಥ ಮನೆಯಲ್ಲಿ ಮದುವೆಯೆಂದು ಯಾರೂ ಹೇಳಬೇಕಾದುದಿಲ್ಲ. ಅಂಗಳದಲ್ಲಿ ಎದ್ದ ಹಂದರವೂ, ಅದರ ಒಂದು ಕಂಬಕ್ಕೆ ಹಚ್ಚಿದ ಅರಿಶಿನ ಕುಂಕುಮವೂ ಎಲ್ಲವನ್ನೂ ಹೇಳಿಬಿಡುತ್ತವೆ.

ನೀಲಗುಂದವು ಹಳೆಯ ಊರು. ಕಲ್ಯಾಣದ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ ಅಲ್ಲಿದೆ. ಆ ಕಲ್ಲಿನ ಗುಡಿಯ ಮುಂದೆ ಎಷ್ಟು ತಲೆಮಾರುಗಳ ಮದುಮಕ್ಕಳು ಬಾಸಿಂಗ ಕಟ್ಟಿಕೊಂಡು ಕೈಮುಗಿದು ಹೋಗಿರಬಹುದೋ ಬಲ್ಲವರಾರು! ರಾಜ್ಯಭಾರದ ಗೆರೆಗಳು ಮಾತ್ರ ಈ ಸೀಮೆಯಲ್ಲಿ ಪದೇ ಪದೇ ಬದಲಾಗಿವೆ. ಮದರಾಸು ಅಧಿಪತ್ಯದಲ್ಲಿದ್ದ ಈ ನಾಡು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸತಾಗಿ ರಚಿತವಾದ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟೆಲ್ಲ ಆದರೂ ಹೆಣ್ಣು ಕೊಡುವ, ಹೆಣ್ಣು ತರುವ ಊರುಗಳ ನಂಟು ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸುತ್ತಲೇ ಹೆಣೆದುಕೊಂಡಿದೆ. ಜಿಲ್ಲೆಯ ಗಡಿಯನ್ನು ಸರ್ಕಾರ ಎಳೆಯಬಹುದು. ಬೀಗತನದ ಗಡಿಯನ್ನು ಎಳೆಯುವವರು ಹಿರಿಯರು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಎರಡರಲ್ಲಿಯೂ ಕೈ ಸುಡುತ್ತದೆ ಎಂಬುದೇ ಅದರ ಮರ್ಮ. ಹೀಗಿದ್ದರೂ ಹಿಂದಿನ ಕಾಲದಲ್ಲಿ, ಕೈಯಲ್ಲಿ ಕಾಸಿಲ್ಲದ ಒಕ್ಕಲಿನವನು ಐದು ದಿನಗಳ ಮದುವೆಯನ್ನು ಹೇಗೆ ತೂಗಿಸುತ್ತಿದ್ದನು? ಇಂದು ಅವನಿಗಿಂತ ಹತ್ತು ಪಾಲು ಹೆಚ್ಚು ಗಳಿಸುವ ಅವನ ಮೊಮ್ಮಗನು ಅರ್ಧ ದಿನದ ಮದುವೆಗೆ ಸಾಲ ಮಾಡಬೇಕಾಗಿ ಬರುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಮೊದಲು ಹಂದರದ ಕೆಳಗೆ ಹೋಗಿ ಕೂಡಬೇಕಾಗುತ್ತದೆ.

ಹಾಲಗಂಬದಿಂದ ಭೂಮದವರೆಗೆ

ಈ ಸೀಮೆಯ ಮದುವೆಯ ಶಾಸ್ತ್ರಗಳು ಸಮುದಾಯದಿಂದ ಸಮುದಾಯಕ್ಕೆ, ಕೆಲವೊಮ್ಮೆ ಮನೆತನದಿಂದ ಮನೆತನಕ್ಕೆ ಬೇರೆಯಾಗುತ್ತವೆ. ಲಿಂಗಾಯತರಲ್ಲಿ ಜಂಗಮರು ಬರುತ್ತಾರೆ, ವೀರಭದ್ರ ಮನೆದೇವರಾದವರು ಗುಗ್ಗಳ ಹೊರಡಿಸುತ್ತಾರೆ. ಕುರುಬರು, ಬೇಡರು, ಲಂಬಾಣಿಗಳು ತಮ್ಮ ತಮ್ಮ ಹಿರಿಯರು ಹಾಕಿದ ದಾರಿಯಲ್ಲಿ ನಡೆಯುತ್ತಾರೆ. ಆದರೂ ಹಲವು ಮನೆಗಳಲ್ಲಿ ಕಾಣುವ ಸಾಮಾನ್ಯವಾದ ಕೆಲವು ಹೆಜ್ಜೆಗಳಿವೆ.

ಮೊದಲು ಹಾಲಗಂಬ. ಹಾಲು ಒಸರುವ ಮರದ ಹಸಿಯ ಕೊಂಬೆಯನ್ನು ವಾದ್ಯದೊಡನೆ ತಂದು, ಪೂಜಿಸಿ, ಹಂದರದ ಕಂಬವಾಗಿ ನೆಡುತ್ತಾರೆ. ಮನೆಯಲ್ಲಿ ಹಾಲು ಹರಿಯಲಿ, ಬಳ್ಳಿ ಹಬ್ಬಲಿ ಎಂಬ ಹಾರೈಕೆ ಅದರಲ್ಲಿದೆ. ಮುಂದೆ ಐರಾಣಿ. ಮುತ್ತೈದೆಯರು ಸಾಲಾಗಿ ಕುಂಬಾರರ ಮನೆಗೆ ಹೋಗಿ, ಬಣ್ಣದ ಗೆರೆಗಳನ್ನು ಬರೆದ ಮಣ್ಣಿನ ಗಡಿಗೆಗಳನ್ನು ಪೂಜಿಸಿ ತಲೆಯ ಮೇಲೆ ಹೊತ್ತು ತರುತ್ತಾರೆ. ಆಮೇಲೆ ಅರಿಶಿನ ಹಚ್ಚುವುದು, ಬಳೆಗಾರ ಬಂದು ಬಳೆ ಇಡಿಸುವುದು, ಸುರಗಿಯ ನೀರು ಎರೆಯುವುದು. ನಾಲ್ಕು ಮೂಲೆಗಳಲ್ಲಿ ತಂಬಿಗೆಗಳನ್ನಿಟ್ಟು, ಅವುಗಳಿಗೆ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕುಳ್ಳಿರಿಸಿ ನೀರೆರೆಯುವಾಗ ಸೋಬಾನೆಯ ಹಾಡು ಓಣಿಯ ತುದಿಯವರೆಗೂ ಕೇಳಿಸುತ್ತದೆ. ಅಕ್ಕಿಕಾಳು ಬಿದ್ದು ತಾಳಿ ಕಟ್ಟಿದ ಮೇಲೆ ಭೂಮದ ಊಟ. ಮದುಮಕ್ಕಳು ಒಂದೇ ಎಡೆಯಲ್ಲಿ ಕುಳಿತು ಉಣ್ಣುತ್ತಾರೆ. ಬೀಗರೂ ಸುತ್ತ ನೆರೆದು ಕೈಯಿಕ್ಕುತ್ತಾರೆ. ಮದುವಣಗಿತ್ತಿಗೆ ಉಡಿ ತುಂಬಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಅಡಿಕೆಗಳನ್ನು ಸೆರಗಿನಲ್ಲಿ ಕಟ್ಟಿ ಕಳುಹಿಸುತ್ತಾರೆ. ಗಂಡನ ಮನೆಯ ಹೊಸಿಲಲ್ಲಿ ನಾದಿನಿಯರು ಬಾಗಿಲು ತಡೆದು ನಿಲ್ಲುತ್ತಾರೆ. ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದ ಹೊರತು ಒಳಗೆ ಬಿಡುವುದಿಲ್ಲ. ನಾಚಿ ನೀರಾದ ಆ ಹುಡುಗಿ ಕಡೆಗೆ ಹೇಳುವ ಎರಡು ಸಾಲಿನ ಒಡಪನ್ನು ಮುದುಕಿಯರು ವರ್ಷಗಟ್ಟಲೆ ನೆನೆಯುತ್ತಾರೆ.

ಈ ಹೆಜ್ಜೆಗಳಲ್ಲಿ ಒಂದನ್ನು ಗಮನಿಸಬೇಕು. ಗಡಿಗೆ ಕುಂಬಾರರದು, ಹಸೆಯ ಮಣೆ ಬಡಿಗೇರರದು, ನಡೆಮುಡಿಯ ಬಟ್ಟೆ ಅಗಸರದು, ದಂಡೆ ಹೂಗಾರರದು, ಬಳೆ ಬಳೆಗಾರರದು, ವಾದ್ಯ ಊರಿನ ವಾದ್ಯದವರದು. ಮದುವೆ ಒಂದು ಮನೆಯದಾದರೂ ಅದರ ಸಾಮಗ್ರಿ ಇಡೀ ಊರಿನದಾಗಿದ್ದಿತು. ಇವರಿಗೆಲ್ಲ ಸಲ್ಲುತ್ತಿದ್ದುದು ಸುಗ್ಗಿಯ ಆಯ, ಮದುವೆಯ ಉಲುಪೆ, ಒಂದು ಸೀರೆಯೋ ಧೋತ್ರವೋ. ಹಂದರಕ್ಕೆ ಗಳ ತಂದವರು, ಹೊಂಗೆ ಮಾವಿನ ಸೊಪ್ಪು ಹೊದಿಸಿದವರು, ರಾತ್ರಿಯಿಡೀ ಕಡುಬು ಬೇಯಿಸಿದವರು, ಗೋದಿ ಹುಗ್ಗಿಯ ಕೊಪ್ಪರಿಗೆಗೆ ಕೈಹಾಕಿ ತಿರುವಿದವರು ಕೂಲಿಗೆ ಬಂದವರಲ್ಲ. ಅವರೆಲ್ಲ ಮುಯ್ಯಿಗೆ ಬಂದವರು.

ಮುಯ್ಯಿಯ ಲೆಕ್ಕ

ಮುಯ್ಯಿ ಎಂಬುದು ಸೊಗಸಾದ ಮಾತು. ಹೊಲದಲ್ಲಿ ಇಂದು ನಾಲ್ವರು ನಿನ್ನ ಕಳೆ ಕಿತ್ತರೆ, ನಾಳೆ ನೀನು ಅವರ ಹೊಲಕ್ಕೆ ಹೋಗಬೇಕು. ಹಾಗೆ ಬಂದವರು ಮುಯ್ಯಾಳುಗಳು. ಮದುವೆಯಲ್ಲಿ ಕೊಟ್ಟ ಕಾಣಿಕೆಯೂ ಮುಯ್ಯಿಯೇ. ಹಗೆ ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸುವುದೆಂದೇ ಹೆಸರು. ಕೊಟ್ಟದ್ದು ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಮರಳಿ ಕೊಡದೆ ಇರಲಾಗದು ಎಂಬ ಭಾವ ಮೂರರಲ್ಲಿಯೂ ಒಂದೇ.

ಊಟವಾದ ಮೇಲೆ ಹಂದರದ ಒಂದು ಮೂಲೆಯಲ್ಲಿ, ಅಕ್ಷರ ಬಲ್ಲ ಒಬ್ಬನು ಪುಸ್ತಕ ಹಿಡಿದು ಕೂಡುತ್ತಿದ್ದನು. ಇಂಥ ಊರಿನ ಇಂಥವರಿಂದ ಎರಡು ರೂಪಾಯಿ, ಒಂದು ಕುಬಸ, ಐದು ಸೇರು ಅಕ್ಕಿ, ಒಂದು ಅಚ್ಚು ಬೆಲ್ಲ ಎಂದು ಕೂಗಿ ಹೇಳುತ್ತಿದ್ದರು, ಅವನು ಬರೆದುಕೊಳ್ಳುತ್ತಿದ್ದನು. ಆ ಪುಸ್ತಕವನ್ನು ಮನೆಯವರು ಪತ್ರಗಳ ಜೊತೆಗೆ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಿದ್ದರು. ಆ ಮನೆಗಳಲ್ಲಿ ಮದುವೆ ಬಂದಾಗ ತೆಗೆದು ನೋಡಿ, ಬಂದದ್ದಕ್ಕಿಂತ ಒಂದು ಕಾಸು ಹೆಚ್ಚಾಗಿ ಮರಳಿಸುತ್ತಿದ್ದರು. ಲೆಕ್ಕ ಪೂರ್ತಿ ತೀರಿದರೆ ನಂಟೇ ಮುಗಿದಂತೆ. ಆದುದರಿಂದ ಅದು ತೀರಲೇಬಾರದು ಎಂಬುದು ಹಿರಿಯರ ಎಣಿಕೆ.

ಇಲ್ಲಿ ಕನ್ನಡವು ತಾನೇ ಎರಡು ಮಾತುಗಳನ್ನು ಕೊಟ್ಟಿದೆ: ಋಣ ಮತ್ತು ಸಾಲ. ಸಾಲಕ್ಕೆ ಬಡ್ಡಿಯುಂಟು, ಗಡುವುಂಟು. ಋಣಕ್ಕೆ ಅವೆರಡೂ ಇಲ್ಲ, ಅನುಬಂಧವುಂಟು. ಹಂದರದ ಮದುವೆಯನ್ನು ಮಾಡಿದ ತಂದೆಯು ಮರುದಿನ ಊರಿಗೆಲ್ಲ ಋಣಿಯಾಗಿರುತ್ತಿದ್ದನು. ಸಾಲಗಾರನಾಗುವ ಹೊತ್ತೂ ಬಾರದಿರಲಿಲ್ಲ. ಆದರೆ ಹೆಚ್ಚಿನ ಭಾರವು ಹತ್ತು ಹೆಗಲುಗಳ ಮೇಲೆ ಹಂಚಿಹೋಗಿರುತ್ತಿದ್ದಿತು.

ಕಡಲಾಚೆಯ ಬೀಗರು

ಇಂಥ ಲೆಕ್ಕದ ಪುಸ್ತಕವು ನಮ್ಮಲ್ಲಿ ಮಾತ್ರ ಇದೆಯೆಂದು ಭಾವಿಸಿದರೆ ತಪ್ಪಾದೀತು. ಸಾವಿರಾರು ಮೈಲಿಗಳಾಚೆ, ಪೂರ್ವದ ಕಡಲಂಚಿನ ಕೊರಿಯಾ ದೇಶದಲ್ಲಿಯೂ ಮದುವೆಯ ಬಾಗಿಲಲ್ಲಿ ಪುಸ್ತಕ ಹಿಡಿದು ಕೂಡುವವರಿದ್ದಾರೆ. ಆ ದೇಶದ ಧಾರಾವಾಹಿಗಳನ್ನು ಇಂದು ಬೆಂಗಳೂರು, ಹುಬ್ಬಳ್ಳಿಗಳ ಎಷ್ಟೋ ಮನೆಗಳಲ್ಲಿ ಹರೆಯದವರು ನಿದ್ದೆಗೆಟ್ಟು ನೋಡುತ್ತಾರೆ. ಅದರಲ್ಲಿ ಬರುವ ಮದುವೆಯ ದೃಶ್ಯಗಳನ್ನು ಕಂಡು, ‘ಇದೇನು ನಮ್ಮದೇ ಶಾಸ್ತ್ರದಂತಿದೆಯಲ್ಲ!’ ಎಂದು ಪಕ್ಕದಲ್ಲಿ ಕುಳಿತ ಅಜ್ಜಿಯು ಅಚ್ಚರಿಪಟ್ಟರೆ ಆಶ್ಚರ್ಯವಿಲ್ಲ.

ಕೊರಿಯಾದವರಿಗೂ ಭಾರತಕ್ಕೂ ಒಂದು ಮದುವೆಯ ಕಥೆಯೇ ನಂಟು ಕಲ್ಪಿಸಿದೆ. ಹದಿಮೂರನೆಯ ಶತಮಾನದಲ್ಲಿ ಇರ್ಯೋನ್ ಎಂಬ ಬೌದ್ಧ ಭಿಕ್ಷುವು ಸಂಕಲಿಸಿದ ‘ಸಾಮ್‌ಗುಕ್ ಯುಸಾ’ ಎಂಬ ಗ್ರಂಥದಲ್ಲಿ, ಕ್ರಿ. ಶ. 48ರಲ್ಲಿ ಅಯುತವೆಂಬ ದೇಶದ ರಾಜಕುಮಾರಿಯು ಹಡಗಿನಲ್ಲಿ ಬಂದು ಗಯಾ ರಾಜ್ಯದ ಸುರೋ ಅರಸನನ್ನು ವರಿಸಿದಳೆಂದು ಹೇಳಿದೆ. ಆ ಅಯುತವು ಅಯೋಧ್ಯೆಯೇ ಎಂದು ಹಲವರು ನಂಬುತ್ತಾರೆ. ಇದು ಐತಿಹ್ಯವೇ ಹೊರತು ಸಿದ್ಧಪಟ್ಟ ಇತಿಹಾಸವಲ್ಲ. ಆದರೂ ಆ ದಂಪತಿಗಳ ಸಂತತಿಯೆಂದು ಹೇಳಿಕೊಳ್ಳುವ ಗಿಮ್‌ಹೇ ಊರಿನ ಕಿಮ್ ಮನೆತನದವರು ಇಂದು ನಾಲ್ವತ್ತು ಲಕ್ಷಕ್ಕೂ ಮಿಕ್ಕಿದ್ದಾರೆ.

ಹಳೆಯ ಪದ್ಧತಿಯ ಕೊರಿಯಾದ ಮದುವೆಯೂ ಮನೆಯಂಗಳದ ಮದುವೆಯೇ. ವರನ ಕಡೆಯವರು ಅವನು ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತುಗಳನ್ನು ಬರೆದ ಕಾಗದವನ್ನು ಕಳುಹಿಸುತ್ತಾರೆ. ಹೆಣ್ಣಿನ ಕಡೆಯವರು ಅದನ್ನು ನೋಡಿ ದಿನ ಗೊತ್ತುಮಾಡುತ್ತಾರೆ. ಜಾತಕ ಕೂಡಿಸುವ ನಮ್ಮವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮದುವೆಗೆ ಮುನ್ನ ವರನ ಗೆಳೆಯರು ಕಾಣಿಕೆಯ ಪೆಟ್ಟಿಗೆಯನ್ನು ಹೊತ್ತು, ‘ಪೆಟ್ಟಿಗೆ ಮಾರುತ್ತೇವೆ, ಪೆಟ್ಟಿಗೆ!’ ಎಂದು ಕೂಗುತ್ತ ವಧುವಿನ ಓಣಿಗೆ ಬರುತ್ತಾರೆ. ಒಂದೊಂದು ಹೆಜ್ಜೆಗೂ ಹಣ ಕೊಟ್ಟು ಕರೆಯದ ಹೊರತು ಅವರು ಮುಂದಕ್ಕೆ ಬರುವುದಿಲ್ಲ. ನಮ್ಮ ನಾದಿನಿಯರ ಬಾಗಿಲು ತಡೆಯ ತುಂಟತನವೇ ಅಲ್ಲಿ ಬೀದಿಗಿಳಿದಿದೆ. ವರನು ಮರದಲ್ಲಿ ಕೆತ್ತಿದ ಕಾಡುಬಾತನ್ನು ಅತ್ತೆಯ ಮನೆಗೆ ಒಪ್ಪಿಸುತ್ತಾನೆ. ಆ ಹಕ್ಕಿಯು ಒಮ್ಮೆ ಜೊತೆಯಾದ ಮೇಲೆ ಬಾಳೆಲ್ಲ ಜೊತೆ ಬಿಡದೆಂಬ ನಂಬಿಕೆ. ಒಂದೇ ಸೋರೆಬುರುಡೆಯನ್ನು ಇಬ್ಭಾಗ ಮಾಡಿದ ಬಟ್ಟಲುಗಳಲ್ಲಿ ಮದುಮಕ್ಕಳು ಮದ್ಯವನ್ನು ಹಂಚಿ ಕುಡಿಯುತ್ತಾರೆ. ಒಂದೇ ಎಡೆಯ ಭೂಮಕ್ಕೂ ಒಂದೇ ಬುರುಡೆಯ ಬಟ್ಟಲಿಗೂ ಇರುವ ಅರ್ಥ ಬೇರೆಯಲ್ಲ.

ಎಲ್ಲಕ್ಕಿಂತ ಮಿಗಿಲಾದ ಹೋಲಿಕೆ ಉಡಿ ತುಂಬುವುದರಲ್ಲಿದೆ. ‘ಪ್ಯೇಬೇಕ್’ ಎಂಬ ಶಾಸ್ತ್ರದಲ್ಲಿ ಹೊಸ ಸೊಸೆಯು ಗಂಡನ ತಂದೆತಾಯಿಗಳಿಗೆ ಅಡ್ಡಬೀಳುತ್ತಾಳೆ. ಹಿರಿಯರು ಹಣ್ಣುಗಳನ್ನೂ ಚೆಸ್ಟ್‌ನಟ್ ಎಂಬ ಕಾಯಿಗಳನ್ನೂ ಎಸೆಯುತ್ತಾರೆ. ಅವಳು ಹರಡಿದ ವಸ್ತ್ರದಲ್ಲಿ ಅವನ್ನು ಹಿಡಿಯುತ್ತಾಳೆ. ಎಷ್ಟು ಬಿದ್ದವೋ ಅಷ್ಟು ಮಕ್ಕಳೆಂದು ನಗೆಯಾಡುತ್ತಾರೆ. ಆ ಹಣ್ಣಾದರೂ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಬಾರೆಹಣ್ಣಿನ ಜಾತಿಗೇ ಸೇರಿದ್ದು!

ಮಾತಿನಲ್ಲಿಯೂ ನಂಟಿದೆ. ವಯಸ್ಸಿಗೆ ಬಂದ ಹುಡುಗನನ್ನು ನಮ್ಮ ಹಿರಿಯರು, ‘ಏನಪ್ಪಾ, ಹುಗ್ಗಿ ಊಟ ಯಾವಾಗ ಹಾಕಿಸ್ತೀ?’ ಎಂದು ಕೇಳುತ್ತಾರೆ. ಕೊರಿಯಾದ ಹಿರಿಯರು, ‘ನಮಗೆ ಶ್ಯಾವಿಗೆ ಉಣಿಸುವುದು ಯಾವಾಗ?’ ಎಂದು ಕೇಳುತ್ತಾರೆ. ಉದ್ದವಾದ ಶ್ಯಾವಿಗೆಯು ಅಲ್ಲಿ ದೀರ್ಘವಾದ ಬಾಳಿನ ಗುರುತು. ಹೊಲದ ಮುಯ್ಯಾಳಿಗೆ ಅಲ್ಲಿ ‘ಪುಮಾಸಿ’ ಎನ್ನುತ್ತಾರೆ. ಮದುವೆಗೆ ಕೊಡುವ ಹಣವೂ ಒಂದು ಬಗೆಯ ಪುಮಾಸಿಯೇ ಎಂದು ಅವರೂ ಆಡಿಕೊಳ್ಳುತ್ತಾರೆ.

ಅಕ್ಕನ ಮಗಳು

ಒಂದು ವಿಷಯದಲ್ಲಿ ಮಾತ್ರ ಎರಡು ನಾಡುಗಳು ಉತ್ತರ ದಕ್ಷಿಣಗಳಾಗಿವೆ. ನೀಲಗುಂದದ ಸೀಮೆಯಲ್ಲಿ ಹೆಣ್ಣು ನೋಡುವ ಮಾತು ಬಂದರೆ ಬಹುಕಾಲದಿಂದ ಮೊದಲು ಎಣಿಸುತ್ತಿದ್ದುದು ಸೋದರಿಕೆಯನ್ನು. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗಳು ಇರುವಾಗ ಹೊರಗೆ ಹುಡುಕಿದರೆ ಮುನಿಸು ಕಟ್ಟಿಟ್ಟದ್ದು. ಒಂದೇ ಬೆಡಗಿನವರು ಮಾತ್ರ ಅಣ್ಣತಂಗಿಯರಾದುದರಿಂದ ಕೂಡದು. 1955ರ ಹಿಂದೂ ವಿವಾಹ ಕಾಯಿದೆಯು ಹತ್ತಿರದ ರಕ್ತಸಂಬಂಧಗಳನ್ನು ನಿಷೇಧಿಸಿದರೂ, ರೂಢಿಯು ಒಪ್ಪಿದಲ್ಲಿ ವಿನಾಯಿತಿ ಇತ್ತು ಈ ಪದ್ಧತಿಯನ್ನು ಹಾಗೆಯೇ ಬಿಟ್ಟಿತು. ಸಗೋತ್ರ ವಿವಾಹವನ್ನೂ 1946ರ ಕಾಯಿದೆಯೇ ಊರ್ಜಿತಗೊಳಿಸಿದ್ದಿತು.

ಕೊರಿಯಾದಲ್ಲಿ ಅಕ್ಕನ ಮಗಳೆಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಎಂಟನೆಯ ದರ್ಜೆಯೊಳಗಿನ ರಕ್ತಬಂಧುಗಳು ಮದುವೆಯಾಗುವುದನ್ನು ಅಲ್ಲಿನ ಕಾನೂನೇ ತಡೆಯುತ್ತದೆ. ಅಷ್ಟೇ ಅಲ್ಲದೆ, ಮನೆತನದ ಹೆಸರೂ ಮೂಲದ ಊರೂ ಒಂದೇ ಆದವರು, ಅವರ ನಡುವೆ ಎಷ್ಟು ನೂರು ವರ್ಷಗಳ ಅಂತರವಿದ್ದರೂ, ಮದುವೆಯಾಗುವಂತಿರಲಿಲ್ಲ. ಗಿಮ್‌ಹೇ ಕಿಮ್ಮರ ಲಕ್ಷಾಂತರ ಮಕ್ಕಳು ತಮ್ಮೊಳಗೆ ಪ್ರೀತಿಸಿದರೆ ಗತಿಯೇನು? ಎಷ್ಟೋ ಜೋಡಿಗಳು ಕಾನೂನಿನ ಹೊರಗೇ ಸಂಸಾರ ಹೂಡಿದ್ದವು. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಈ ನಿಷೇಧ ಸಲ್ಲದೆಂದಿತು. 2005ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇತ್ತ ನಮ್ಮಲ್ಲಿ, ತೀರ ಹತ್ತಿರದ ರಕ್ತದಲ್ಲಿ ಮದುವೆಯಾದರೆ ಮಕ್ಕಳಿಗೆ ಆನುವಂಶಿಕ ರೋಗಗಳ ಭಯ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಿದ್ದಾರೆ. ಒಂದು ನಾಡಿನಲ್ಲಿ ಗೋಡೆ ತಗ್ಗುತ್ತಿದೆ, ಇನ್ನೊಂದರಲ್ಲಿ ಬೇಲಿ ಏಳುತ್ತಿದೆ.

ಅರ್ಧ ಗಂಟೆಯ ಮದುವೆ

ಇಂದಿನ ಕೊರಿಯಾದಲ್ಲಿ ಮದುವೆಯು ಮನೆಯಂಗಳವನ್ನು ಬಿಟ್ಟು ಬಹುದಿನಗಳಾದವು. ನಗರಗಳಲ್ಲಿ ಮದುವೆಗೆಂದೇ ಕಟ್ಟಿದ ಮಹಡಿ ಮಹಡಿಗಳ ಭವನಗಳಿವೆ. ವಧುವಿಗೆ ಪಾಶ್ಚಾತ್ಯರ ಬಿಳಿಯ ನಿಲುವಂಗಿ, ವರನಿಗೆ ಸೂಟು. ಇಬ್ಬರ ತಾಯಂದಿರೂ ಮೇಣದ ಬತ್ತಿ ಹಚ್ಚುತ್ತಾರೆ. ಗುರುಗಳೋ ಹಿರಿಯರೋ ನಾಲ್ಕು ಹಿತನುಡಿ ಹೇಳುತ್ತಾರೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿದು ಮುಂದಿನ ಜೋಡಿಗೆ ಜಾಗ ತೆರವಾಗಬೇಕು. ಬಳಿಕ ಪಕ್ಕದ ಕೋಣೆಯಲ್ಲಿ ಹಳೆಯ ಕಾಲದ ರೇಷ್ಮೆಯುಡುಗೆ ತೊಟ್ಟು ಪ್ಯೇಬೇಕ್ ನಡೆಸುವ ಮನೆತನಗಳು ಇನ್ನೂ ಉಂಟು. ಬಾಗಿಲಲ್ಲಿ ಮೇಜು ಹಾಕಿ ಎರಡೂ ಕಡೆಯವರು ಕುಳಿತಿರುತ್ತಾರೆ. ಬಂದವರು ಬಿಳಿಯ ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಾರೆ, ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಊಟದ ಚೀಟಿಯನ್ನು ಕೈಗಿಡುತ್ತಾರೆ. ಇನ್ನೊಂದು ವಿಶೇಷವೆಂದರೆ, ಈ ವೈಭವಕ್ಕೆಲ್ಲ ಕಾನೂನಿನಲ್ಲಿ ಬೆಲೆಯಿಲ್ಲ. ಸರ್ಕಾರದ ಕಚೇರಿಯಲ್ಲಿ ದಾಖಲಾದಾಗಲೇ ಮದುವೆ. ಭಾರತದ ಹಿಂದೂ ವಿವಾಹ ಕಾಯಿದೆಯಾದರೋ ವಧುವರರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರಗಳನ್ನೇ ಮದುವೆಯೆಂದು ಮನ್ನಿಸುತ್ತದೆ. ನೋಂದಣಿಯು ಅದಕ್ಕೆ ಸಾಕ್ಷಿ ಮಾತ್ರ.

ನಮ್ಮಲ್ಲಿಯೂ ಕಲ್ಯಾಣಮಂಟಪವು ಮೊದಲು ನಗರಗಳಿಗೆ, ಆಮೇಲೆ ತಾಲ್ಲೂಕಿನ ಊರುಗಳಿಗೆ ಬಂದಿತು. ಹರಪನಹಳ್ಳಿ, ಕೊಟ್ಟೂರುಗಳ ಆಸುಪಾಸಿನ ಹಳ್ಳಿಯವರು ಹಾಲಗಂಬವನ್ನು ಮನೆಯ ಮುಂದೆ ನೆಟ್ಟು, ಅಕ್ಕಿಕಾಳನ್ನು ಮಂಟಪದಲ್ಲಿ ಹಾಕಿಸಿಕೊಳ್ಳುವುದು ಇಂದು ಸಾಮಾನ್ಯ ನೋಟ. ಮಳೆ ಗಾಳಿಯ ಹೆದರಿಕೆಯಿಲ್ಲ, ನೀರಿಗೆ ಪರದಾಟವಿಲ್ಲ, ಹೆಣ್ಣುಮಕ್ಕಳ ಸೊಂಟ ಮುರಿಯುವ ಅಡಿಗೆಯ ದುಡಿತವಿಲ್ಲ. ಇವು ಸಣ್ಣ ಲಾಭಗಳಲ್ಲ; ಐದು ದಿನ ಹೊಗೆಯಲ್ಲಿ ಬೆಂದ ಅತ್ತೆಯಂದಿರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಆದರೆ ಒಂದೊಂದು ಲಾಭಕ್ಕೂ ಒಂದೊಂದು ರಸೀತಿ ಉಂಟು. ಮಂಟಪದ ಬಾಡಿಗೆ, ಅಡಿಗೆಯ ಗುತ್ತಿಗೆ, ಹೂವಿನ ಅಲಂಕಾರ, ವಾದ್ಯಮೇಳ, ಛಾಯಾಚಿತ್ರ. ಈಗೀಗ ಮದುವೆಗೆ ಮುನ್ನವೇ ಮದುಮಕ್ಕಳು ಹಂಪೆಯ ಕಲ್ಲುಗಳ ನಡುವೆ ನಿಂತು ಚಲನಚಿತ್ರದ ಜೋಡಿಯಂತೆ ಚಿತ್ರ ತೆಗೆಸಿಕೊಳ್ಳುವುದೂ ಉಂಟು.

ಮುಯ್ಯಿಯೂ ಮಂಟಪಕ್ಕೆ ಬಂದಿತು. ಆದರೆ ಐದು ಸೇರು ಅಕ್ಕಿಯೂ ಇಲ್ಲ, ಎರಡು ದಿನದ ದುಡಿಮೆಯೂ ಇಲ್ಲ. ಬಂದುದು ಲಕೋಟೆ ಮಾತ್ರ. ಕೆಲಸ ಮಾಡುವವನು ಗುತ್ತಿಗೆದಾರನ ಆಳು. ನೆಂಟರು ಕುಳಿತು ಉಂಡೇಳುವ ಅತಿಥಿಗಳು. ಗುತ್ತಿಗೆದಾರನಿಗೆ ಋಣವೆಂಬುದು ತಿಳಿಯದು. ಅವನಿಗೆ ಮರುದಿನ ಬೆಳಿಗ್ಗೆ ಹಣ ಎಣಿಸಬೇಕು. ಹತ್ತು ಹೆಗಲುಗಳ ಮೇಲಿದ್ದ ಭಾರವು ಹೀಗೆ ಒಬ್ಬ ತಂದೆಯ ಹೆಗಲಿಗೆ ಇಳಿಯಿತು. ಮೊಮ್ಮಗನ ಸಾಲದ ಗುಟ್ಟು ಇಲ್ಲಿದೆ.

ಆ ತಂದೆಯು ಹೆಣ್ಣಿನ ತಂದೆಯೇ ಆಗಿರುವುದು ಇನ್ನೊಂದು ದುಃಖದ ಸಂಗತಿ. ಹಿಂದೆ ಇಲ್ಲಿನ ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು, ಮದುವೆಯೂ ಗಂಡಿನ ಮನೆಯಲ್ಲಿಯೇ ನಡೆಯುತ್ತಿದ್ದಿತು. ತೆರ ಹೋಗಿ ವರದಕ್ಷಿಣೆ ಬಂದಿತು. 1961ರಲ್ಲಿಯೇ ವರದಕ್ಷಿಣೆ ನಿಷೇಧ ಕಾಯಿದೆಯಾಯಿತು. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿ ಇಟ್ಟುಕೊಳ್ಳಬೇಕೆಂದು 1985ರಲ್ಲಿ ನಿಯಮಗಳೂ ಬಂದವು. ಮುಯ್ಯಿಯ ಪುಸ್ತಕವನ್ನು ಬಿಡದೆ ಬರೆಯುವ ಮನೆಗಳಲ್ಲಿ ಈ ಪಟ್ಟಿಯನ್ನು ಬರೆದಿಟ್ಟವರೆಷ್ಟು ಮಂದಿ?

ಕೊರಿಯಾದಲ್ಲಿ ಭಾರವು ಬೇರೆ ರೀತಿಯಲ್ಲಿ ಹಂಚಿಕೆಯಾಗಿದ್ದಿತು. ಗಂಡು ಮನೆ ಒದಗಿಸಬೇಕು, ಹೆಣ್ಣು ಮನೆಯ ಸಾಮಾನು ತರಬೇಕು, ಗಂಡಿನ ನೆಂಟರಿಗೆಲ್ಲ ಉಡುಗೊರೆ ಒಪ್ಪಿಸಬೇಕು. ನಗರದ ಮನೆಗಳ ಬೆಲೆ ಮುಗಿಲು ಮುಟ್ಟಿದಾಗ ಹರೆಯದವರು ಮದುವೆಯನ್ನೇ ಮುಂದೂಡತೊಡಗಿದರು. 1996ರಲ್ಲಿ ಅಲ್ಲಿ ಸುಮಾರು 4.35 ಲಕ್ಷ ಮದುವೆಗಳಾಗಿದ್ದರೆ, 2023ರಲ್ಲಿ ಆದುವು ಸುಮಾರು 1.94 ಲಕ್ಷ ಮಾತ್ರ. 2024ರಲ್ಲಿ ಕೊಂಚ ಚೇತರಿಸಿ 2.22 ಲಕ್ಷಕ್ಕೆ ಏರಿತು. ಇಳಿಕೆಗೆ ಕಾರಣಗಳು ಹಲವು. ಖರ್ಚಿನ ಅಂಜಿಕೆಯೂ ಅವುಗಳಲ್ಲೊಂದು.

ಹಳೆಯದೆಲ್ಲ ಹೊನ್ನಲ್ಲ

ಹೀಗೆಂದು ಹಂದರದ ಕಾಲವೆಲ್ಲ ಸುವರ್ಣಯುಗವಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಆ ಹಂದರದ ಕೆಳಗೆ ಹಸೆಯ ಮೇಲೆ ಕುಳಿತವರು ಎಷ್ಟೋ ಸಲ ಹಾಲುಹಲ್ಲಿನ ಮಕ್ಕಳಾಗಿದ್ದರು. 1929ರ ಶಾರದಾ ಕಾಯಿದೆಯು ಹೆಣ್ಣಿಗೆ 14, ಗಂಡಿಗೆ 18 ವರ್ಷ ತುಂಬಿರಬೇಕೆಂದಿತು. 1978ರಲ್ಲಿ ಅದು 18 ಮತ್ತು 21ಕ್ಕೆ ಏರಿತು. 2006ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದಿತು. ಊರು ಕೂಡಿ ಮಾಡಿದ ಮದುವೆಯಲ್ಲಿ ಊರು ಹಾಕಿದ ಕಟ್ಟೂ ಇದ್ದಿತು. ಊರವರ ಕಣ್ಣಿಗೆ ಸರಿಕಾಣದ ಜೋಡಿಗೆ ಹಂದರವಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯ ಫಲವೇನಾಯಿತೆಂಬುದನ್ನು ಕನ್ನಡಿಗರು ಮರೆತಿಲ್ಲ.

ಇದೇ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟದಲ್ಲಿ ವರನೇ ಇಲ್ಲದ ಇನ್ನೊಂದು ‘ಮದುವೆ’ ನಡೆಯುತ್ತಿದ್ದಿತು. ಬಡವರ, ಅದರಲ್ಲಿಯೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಬಿಡುತ್ತಿದ್ದರು. ಆಮೇಲೆ ಆ ಬಾಲೆಗೆ ಹಸೆಯಿಲ್ಲ, ಮನೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಈ ಸೀಮೆ ಮದರಾಸಿಗೆ ಸೇರಿದ್ದಾಗಲೇ, 1947ರಲ್ಲಿ, ಅಲ್ಲಿನ ಶಾಸನಸಭೆಯು ದೇವದಾಸಿ ಪದ್ಧತಿಯನ್ನು ನಿಷೇಧಿಸಿದ್ದಿತು. ಕರ್ನಾಟಕವು 1982ರಲ್ಲಿ ಬೇರೆ ಕಾಯಿದೆಯನ್ನೇ ಮಾಡಿತು. ಎರಡನೆಯ ಸಲ ಕಾಯಿದೆ ಮಾಡಬೇಕಾಗಿ ಬಂದುದೇ ಆ ರೂಢಿಯ ಬೇರು ಎಷ್ಟು ಆಳದ್ದೆಂಬುದಕ್ಕೆ ಸಾಕ್ಷಿ. ಊರಿನ ರೂಢಿಯು ಹೆಗಲು ಕೊಟ್ಟಂತೆ, ಕೊರಳಿಗೂ ಕೈ ಹಾಕಬಲ್ಲುದು ಎಂಬುದನ್ನು ಮರೆಯಬಾರದು.

ಅಂಕುಶ ಹಾಕುವವರು ಯಾರು?

ಮದುವೆಯ ದುಂದುಗಾರಿಕೆಯನ್ನು ಕಾನೂನಿನಿಂದ ತಡೆಯಬಹುದೇ? ಕೊರಿಯಾ ಸರ್ಕಾರವು ಇದನ್ನು ಪರೀಕ್ಷಿಸಿ ನೋಡಿತು. 1969ರಲ್ಲಿ ಗೃಹಕೃತ್ಯಗಳ ಸರಳತೆಗೆಂದು ಒಂದು ನಿಯಮಾವಳಿಯನ್ನು ಹೊರಡಿಸಿ, 1973ರಲ್ಲಿ ಅದಕ್ಕೆ ದಂಡದ ಹಲ್ಲು ಜೋಡಿಸಿತು. ಮುದ್ರಿತ ಲಗ್ನಪತ್ರಿಕೆ ಕೂಡದು, ಬಂದವರಿಗೆ ಉಡುಗೊರೆ ಕೂಡದು, ಊಟೋಪಚಾರವೂ ಕೂಡದು! ಜನರು ಬಾಯಲ್ಲಿ ಹೂಂಗುಟ್ಟಿ ಕೈಯಲ್ಲಿ ತಮ್ಮ ದಾರಿಯನ್ನೇ ಹಿಡಿದರು. ಕಡೆಗೆ 1998ರಲ್ಲಿ ಸಂವಿಧಾನ ನ್ಯಾಯಾಲಯವು ಮದುವೆಗೆ ಬಂದವರಿಗೆ ಉಣಬಡಿಸುವುದನ್ನು ತಡೆಯುವ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮರುವರ್ಷ ಆ ಕಾಯಿದೆಯೇ ಹೋಯಿತು. 2016ರಲ್ಲಿ ಲಂಚದ ತಡೆಗೆಂದು ಬಂದ ಇನ್ನೊಂದು ಕಾಯಿದೆಯು ಅಧಿಕಾರಿಗಳು, ಉಪಾಧ್ಯಾಯರು, ಪತ್ರಕರ್ತರು ಸ್ವೀಕರಿಸಬಹುದಾದ ಮದುವೆಯ ಲಕೋಟೆಗೆ 1 ಲಕ್ಷ ವಾನ್‌ಗಳ ಮಿತಿ ಹಾಕಿತು. 2018ರಲ್ಲಿ ಅದು 50 ಸಾವಿರಕ್ಕೆ ಇಳಿಯಿತು. ಮುಯ್ಯಿಗೂ ಸರ್ಕಾರ ಅಳತೆಗೋಲು ಹಿಡಿದ ವಿಚಿತ್ರ ಪ್ರಸಂಗವಿದು.

ಭಾರತದಲ್ಲಿಯೂ 1960ರ ದಶಕದ ಆಹಾರದ ಅಭಾವದ ವರ್ಷಗಳಲ್ಲಿ ಹಲವು ರಾಜ್ಯಗಳು ಅತಿಥಿಗಳ ಸಂಖ್ಯೆಗೆ ಕಡಿವಾಣ ಹಾಕಿದ್ದವು. 2020ರ ಮಹಾಮಾರಿಯ ದಿನಗಳಲ್ಲಿ ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂಬ ಆಜ್ಞೆ ಬಂದಾಗ, ಮಂಟಪಗಳಿಗೆ ಬೀಗ ಬಿದ್ದು, ಎಷ್ಟೋ ಮದುವೆಗಳು ಮರಳಿ ಮನೆಯಂಗಳಕ್ಕೇ ಬಂದವು. ಆ ವರ್ಷ ಹೆಣ್ಣು ಕೊಟ್ಟವರು ಜೀವಭಯದ ನಡುವೆಯೂ ಸಾಲವಿಲ್ಲದೆ ಧಾರೆಯೆರೆದೆವೆಂದು ನಿಟ್ಟುಸಿರು ಬಿಟ್ಟುದುಂಟು. ಆಜ್ಞೆ ತೆರವಾಯಿತು, ಮಂಟಪಗಳು ಮತ್ತೆ ತುಂಬಿದವು.

ಆಜ್ಞೆಯಿಂದಾಗದುದು ಮಾದರಿಯಿಂದ ಕೊಂಚಮಟ್ಟಿಗಾದರೂ ಆಗಿದೆ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ತಾವೇ ರಚಿಸಿದ ‘ಮಂತ್ರಮಾಂಗಲ್ಯ’ದ ರೀತಿಯಲ್ಲಿ, ಆಡಂಬರವಿಲ್ಲದೆ ನಡೆಸಿದರು. ಅಂದಿನಿಂದ ಎಷ್ಟೋ ವಿದ್ಯಾವಂತ ಜೋಡಿಗಳು ಆ ದಾರಿಯನ್ನು ಹಿಡಿದಿವೆ. 1972ರಲ್ಲಿ ಧರ್ಮಸ್ಥಳದಲ್ಲಿ ಆರಂಭವಾದ ಉಚಿತ ಸಾಮೂಹಿಕ ವಿವಾಹಗಳಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಜೋಡಿಗಳು ಗೃಹಸ್ಥರಾಗಿವೆ. ನೀಲಗುಂದದ ಸೀಮೆಯಲ್ಲಿಯೂ ಮಠಗಳಲ್ಲಿ, ಜಾತ್ರೆಗಳಲ್ಲಿ ಒಂದೇ ಹಂದರದ ಕೆಳಗೆ ಹತ್ತಾರು ಜೋಡಿಗಳಿಗೆ ಅಕ್ಕಿಕಾಳು ಹಾಕುವುದು ರೂಢಿಯಾಗಿದೆ. ಬಡವನ ಮಗಳ ಮದುವೆಯಲ್ಲಿ ಊರಿಗೆ ಊರೇ ಮತ್ತೆ ಹೆಗಲು ಕೊಡುವುದು ಅಲ್ಲಿ ಕಾಣುತ್ತದೆ. ಒಂದೇ ಕೊರತೆ: ಉಳ್ಳವರು ಆ ಹಂದರಕ್ಕೆ ದಾನಿಗಳಾಗಿ ಬರುತ್ತಾರೆ, ತಮ್ಮ ಮಕ್ಕಳನ್ನು ಅದೇ ಸಾಲಿನಲ್ಲಿ ಹಸೆಯ ಮೇಲೆ ಕುಳ್ಳಿರಿಸುವವರು ವಿರಳ. ಸರಳ ಮದುವೆಯು ಬಡವರಿಗೆಂದೇ ಮೀಸಲಾದ ದಿನ ಅದಕ್ಕೆ ಗೌರವ ಉಳಿಯದು. ಗೌರವವಿಲ್ಲದಲ್ಲಿಗೆ ಬಡವನೂ ಬರಲೊಲ್ಲ, ಸಾಲ ಮಾಡಿಯಾದರೂ ಮಂಟಪಕ್ಕೇ ಹೋಗುತ್ತಾನೆ.

ಹಂದರ ಇಳಿಸಿದ ಮೇಲೆ

ಈಗ ಮುಯ್ಯಿಯ ಪುಸ್ತಕವೂ ರೂಪ ಬದಲಿಸುತ್ತಿದೆ. ಕೊರಿಯಾದಲ್ಲಿ ಮೊಬೈಲಿಗೆ ಬರುವ ಲಗ್ನಪತ್ರಿಕೆಯ ಕೊನೆಯಲ್ಲಿಯೇ ಬ್ಯಾಂಕಿನ ಖಾತೆಯ ಸಂಖ್ಯೆ ಇರುತ್ತದೆ. ಬಾರದವರು ಅಲ್ಲಿಗೆ ಹಣ ಕಳುಹಿಸಬಹುದು. ನಮ್ಮಲ್ಲಿಯೂ ಮುಯ್ಯಿಯ ಹಣ ಬೆರಳ ತುದಿಯಿಂದಲೇ ಸಂದಾಯವಾಗುವ ಕಾಲ ಬಂದಿದೆ. ಲೆಕ್ಕ ಚೊಕ್ಕಟವಾಗಿರುತ್ತದೆ, ಯಾರು ಎಷ್ಟು ಕೊಟ್ಟರೆಂಬುದು ಅಳಿಸಿಹೋಗುವ ಭಯವಿಲ್ಲ.

ಆದರೆ ಹಳ್ಳಿಯ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಪುಸ್ತಕಗಳನ್ನು ಬಿಚ್ಚಿದವರಿಗೆ ಒಂದು ಸಂಗತಿ ಕಾಣಬಹುದು. ಅದರಲ್ಲಿ ರೂಪಾಯಿ ಉಂಟು, ಕುಬಸ ಉಂಟು, ಅಕ್ಕಿ ಬೆಲ್ಲ ಉಂಟು. ಗಳ ತಂದವನ ಹೆಸರಿಲ್ಲ, ರಾತ್ರಿಯಿಡೀ ಹುಗ್ಗಿ ತಿರುವಿದವಳ ಹೆಸರಿಲ್ಲ. ಅದನ್ನು ಯಾರೂ ಬರೆಯುತ್ತಿರಲಿಲ್ಲ. ಯಾರೂ ಮರೆಯುತ್ತಲೂ ಇರಲಿಲ್ಲ. ಆ ತಿರುವಿದವಳ ಮಗಳ ಮದುವೆ ಬಂದಾಗ, ಕರೆಯಲು ಬರುವುದಕ್ಕೆ ಮುನ್ನವೇ, ಈ ಮನೆಯ ಹೆಂಗಸರು ಸೆರಗು ಕಟ್ಟಿಕೊಂಡು ಆ ಮನೆಯ ಒಲೆಯ ಮುಂದೆ ಕುಳಿತಿರುತ್ತಿದ್ದರು.

ಮಂಟಪ ಬೇಡವೆಂದು ಇಂದು ಯಾರೂ ಹೇಳಲಾರರು. ಅದರ ಅನುಕೂಲ ಅದಕ್ಕೆ ಉಂಟು. ಮದುವೆ ಹೂಡುವ ಮನೆಯವರು ಖರ್ಚಿನ ಪಟ್ಟಿ ಬರೆಯಲು ಕುಳಿತಾಗ, ಹಣ ಕೊಟ್ಟು ತರುವುದು ಯಾವುದು, ನೆಂಟರಿಷ್ಟರ ಕೈಯಿಂದಲೇ ಆಗಬೇಕಾದುದು ಯಾವುದು ಎಂದು ಎರಡು ಸಾಲು ಮಾಡಿ ಬರೆದರೆ ಸಾಕು. ಎರಡನೆಯ ಸಾಲು ಉದ್ದವಾದಷ್ಟೂ ಮೊದಲನೆಯದು ತಾನಾಗಿಯೇ ಗಿಡ್ಡವಾಗುತ್ತದೆ. ಹೀಗೆ ಮಾಡಿದ ಮದುವೆಯ ಮರುದಿನ, ಹಂದರದ ಸೊಪ್ಪು ಒಣಗಿ, ಗಳಗಳನ್ನು ಇಳಿಸಿ ಅವರವರ ಮನೆಗೆ ಹೊತ್ತು ಹಾಕುವಾಗ, ಹೆಣ್ಣಿನ ತಂದೆಯು ಹೆಗಲ ವಲ್ಲಿಯಿಂದ ಮುಖ ಒರಸಿಕೊಂಡು ಕಟ್ಟೆಯ ಮೇಲೆ ಒಂದು ಗಳಿಗೆ ನೆಮ್ಮದಿಯಿಂದ ಕುಳಿತಾನು.